ಕಟ್ಟಿಗೆಯೇ ಇಲ್ಲದ ಎಳೆ ಗಿಡ ನೆಟ್ಟಗೆ ನಿಲ್ಲುವುದು ಹೇಗೆ?

ಕುಂಡದಗೆಳತಿ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಎಳೆ ಸೂರ್ಯಕಾಂತಿ ಸಸಿಗೆ ನೀರು ತಪ್ಪಿದರೆ ಜೋತು ಬೀಳುತ್ತದೆ. ನೀರು ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. "ನೀರಿಲ್ಲ ಅಂದ್ರೆ ಬಾಡುತ್ತದೆ" ಅಂತ ಮಾತ್ರ ಉತ್ತರ ಬರೆಯಬೇಡಿ, ಅದು ಎಲ್ಲರಿಗೂ ಗೊತ್ತು. ನೀರು ಹರಿಯುವ ವಸ್ತು. ಅದಕ್ಕೆ ಸ್ವಂತ ಆಕಾರವೇ ಇಲ್ಲ. ಅಂಥದ್ದು ಒಂದು ಗಿಡವನ್ನು ಎತ್ತಿ ಹಿಡಿಯುವುದು ಹೇಗೆ? ಕಾಂಡ ಮುರಿದು ನೋಡಿದರೆ ಒಳಗೆ ಕಟ್ಟಿಗೆ ಇಲ್ಲ. ಬೆರಳಲ್ಲಿ ಹಿಸುಕಿದರೆ ರಸ ಬರುತ್ತದೆ, ಅಷ್ಟೇ. ಹಾಗಾದರೆ ಭಾರ ಹೊರುತ್ತಿರುವುದು ಯಾವುದು?

ಬೇರುಮಟ್ಟ:
ನಾರು ಇರುತ್ತದೆ ಮೇಡಂ. ಕಾಂಡ ಸೀಳಿದರೆ ಎಳೆ ಎಳೆಯಾಗಿ ಬರುತ್ತದಲ್ಲ, ಅದೇ ಹಿಡಿದಿರುವುದು.

ಕುಂಡದಗೆಳತಿ:
ನಾರೇ ಹಿಡಿದಿದ್ದರೆ ಬಾಡಿದಾಗಲೂ ನಿಂತಿರಬೇಕಿತ್ತು ಅಲ್ವಾ? ಬಾಡಿದ ಗಿಡದಲ್ಲೂ ನಾರು ಹಾಗೇ ಇರುತ್ತದೆ.

ಸಸ್ಯಪಾಠ:
ಮೇಡಂ ಕೇಳಿದ್ದು ಸರಿಯಾಗಿದೆ. ಉತ್ತರ ಸಿಗುವುದು ಒಂದೊಂದು ಜೀವಕೋಶದೊಳಗೆ.

ಬೆಳೆದ ಸಸ್ಯಕೋಶದಲ್ಲಿ 80ರಿಂದ 90% ಜಾಗವನ್ನು ಒಂದೇ ಒಂದು ದೊಡ್ಡ ರಸದಾನಿ ತುಂಬಿಕೊಂಡಿರುತ್ತದೆ. ಅದರಲ್ಲಿ ನೀರು, ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಸಕ್ಕರೆ, ಸಾವಯವ ಆಮ್ಲಗಳು. ಇಡೀ ಕೋಶದ ಸುತ್ತ ತೆಳುವಾದ ಪೊರೆ. ಪೊರೆಯ ಹೊರಗೆ ಸೆಲ್ಯುಲೋಸ್ ಎಳೆಗಳಿಂದ ಹೆಣೆದ ಕೋಶಭಿತ್ತಿ. ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಕರಗಿದ ಲವಣವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಳಗೆ ಲವಣ ಜಾಸ್ತಿ, ಹೊರಗೆ ಕಮ್ಮಿ. ಹಾಗಾಗಿ ನೀರು ಒಳಕ್ಕೆ ನುಗ್ಗುತ್ತದೆ. ಅಭಿಸರಣೆ ಅಂತ ಶಾಲೆಯಲ್ಲಿ ಓದಿರುತ್ತೀರಿ.

ನೀರು ಬಂದಷ್ಟೂ ಕೋಶ ಉಬ್ಬಬೇಕು. ಆದರೆ ಭಿತ್ತಿ ಉಬ್ಬಲು ಬಿಡುವುದಿಲ್ಲ. ಒಳಗಿನ ರಸ ಭಿತ್ತಿಯನ್ನು ಹೊರಕ್ಕೆ ತಳ್ಳುತ್ತದೆ, ಭಿತ್ತಿ ರಸವನ್ನು ಒಳಕ್ಕೆ ಒತ್ತುತ್ತದೆ. ಈ ತಳ್ಳಾಟದಲ್ಲೇ ಕೋಶ ಬಿಗಿಯಾಗುವುದು. ಟರ್ಗರ್ ಒತ್ತಡ ಅಂದ್ರೆ ಇದೇ. ಇಂಥ ಲಕ್ಷಗಟ್ಟಲೆ ಬಿಗಿ ಕೋಶಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಕಾಂಡ ನಿಲ್ಲುತ್ತದೆ. ಆದ್ದರಿಂದ ನೀರು ಒಂದೇ ಗಿಡವನ್ನು ಹೊರುತ್ತಿಲ್ಲ. ನೀರು ಒತ್ತುತ್ತದೆ, ಭಿತ್ತಿ ತಡೆಯುತ್ತದೆ. ಎರಡರಲ್ಲಿ ಒಂದು ಕೈಕೊಟ್ಟರೂ ಗಿಡ ಬೀಳುತ್ತದೆ.

ನಟ್ಟುಬೋಲ್ಟು:
ಅಂದ್ರೆ ಟ್ಯೂಬು ಮತ್ತು ಟೈರು! ಬರೀ ಟ್ಯೂಬಿಗೆ ಗಾಳಿ ಹೊಡೆಯುತ್ತಾ ಹೋದರೆ ಒಡೆಯುತ್ತದೆ. ಬರೀ ಟೈರು ಭಾರ ಹೊರುವುದಿಲ್ಲ. ಎರಡೂ ಸೇರಿದರೆ ಗಾಡಿ ನಿಲ್ಲುತ್ತದೆ. ಸರ್, ಒತ್ತಡ ಎಷ್ಟಿರುತ್ತದೆ? ಅಂಕಿ ಹೇಳಿ, ನನಗೆ ಅಂಕಿ ಇಲ್ಲದೆ ಸಮಾಧಾನ ಆಗುವುದಿಲ್ಲ.

ಸಸ್ಯಪಾಠ:
ನೀರು ಚೆನ್ನಾಗಿ ಸಿಕ್ಕಿದ ಎಲೆಯ ಕೋಶದಲ್ಲಿ ಸಾಮಾನ್ಯವಾಗಿ 0.3ರಿಂದ 1 ಮೆಗಾಪ್ಯಾಸ್ಕಲ್. ಹೊರಗಿನ ಗಾಳಿಯ ಒತ್ತಡ 0.1 ಮೆಗಾಪ್ಯಾಸ್ಕಲ್ ಅಂತ ಲೆಕ್ಕ ಇಟ್ಟುಕೊಂಡರೆ ಅದರ 3ರಿಂದ 10 ಪಟ್ಟು.

ನಟ್ಟುಬೋಲ್ಟು:
ಕಾರಿನ ಟೈರಿಗೆ ಹೊಡೆಸುವುದು 30–35 ಪಿಎಸ್‌ಐ. ಅದು 0.2 ಮೆಗಾಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ ಆಯಿತು. ಎಲೆಯ ಕೋಶದ್ದು 45ರಿಂದ 145 ಪಿಎಸ್‌ಐ. ಒಂದು ಎಲೆಯೊಳಗೆ ಕಾರಿನ ಟೈರನ್ನು ಮೀರಿಸುವ ಒತ್ತಡ!

ಸುಮ್ನೆಕೇಳ್ದೆ:
ನಂಬುವುದು ಕಷ್ಟ. ಹಾಗಿದ್ದರೆ ಎಲೆ ಹರಿದಾಗ ಪಟಾರನೆ ಸಿಡಿಯಬೇಕಿತ್ತಲ್ಲ?

ನಟ್ಟುಬೋಲ್ಟು:
ಟೈರು ಸಿಡಿಯುವುದಕ್ಕೆ ಕಾರಣ ಬರೀ ಒತ್ತಡ ಅಲ್ಲ. ಗಾಳಿಯನ್ನು ಅದುಮಿ ತುಂಬಿರುತ್ತಾರೆ, ದಾರಿ ಸಿಕ್ಕ ತಕ್ಷಣ ಅದು ಹಲವು ಪಟ್ಟು ಹಿಗ್ಗಿ ಹೊರಬರುತ್ತದೆ. ನೀರು ಹಾಗೆ ಅದುಮಿಸಿಕೊಳ್ಳುವ ಪೈಕಿ ಅಲ್ಲ. ಕೋಶದಿಂದ ತುಸುವೇ ನೀರು ಸೋರಿದರೂ ಒತ್ತಡ ಜರ್ರನೆ ಇಳಿದುಬಿಡುತ್ತದೆ. ಮತ್ತೆ, ಇಡೀ ಎಲೆ ಒಂದೇ ಟೈರು ಅಲ್ಲ. ಒಂದೊಂದು ಕೋಶವೂ ಬೇರೆ ಬೇರೆ. ಒಂದು ಒಡೆದರೆ ಪಕ್ಕದ್ದಕ್ಕೆ ಏನೂ ಆಗುವುದಿಲ್ಲ.

ಇನ್ನೊಂದು ಲೆಕ್ಕ ಹಾಕಿದೆ. ಕೋಶದ ತ್ರಿಜ್ಯ 20 ಮೈಕ್ರೋಮೀಟರ್, ಭಿತ್ತಿಯ ದಪ್ಪ ಅರ್ಧ ಮೈಕ್ರೋಮೀಟರ್, ಒತ್ತಡ 0.5 ಮೆಗಾಪ್ಯಾಸ್ಕಲ್ ಅಂತ ಇಟ್ಟುಕೊಳ್ಳಿ. ಕೊಳವೆ ಆಕಾರದ ಕೋಶವಾದರೆ ಅದರ ಸುತ್ತಳತೆಯ ದಿಕ್ಕಿನಲ್ಲಿ ಭಿತ್ತಿಯ ಮೇಲೆ ಬೀಳುವ ಎಳೆತ 20 ಮೆಗಾಪ್ಯಾಸ್ಕಲ್. ಒಳಗಿನ ಒತ್ತಡದ 40 ಪಟ್ಟು! ಅರ್ಧ ಮೈಕ್ರೋಮೀಟರ್ ಗೋಡೆ ಇದನ್ನು ಹಗಲು ರಾತ್ರಿ ತಡೆಯುತ್ತದೆ. ಸೆಲ್ಯುಲೋಸ್‌ಗೆ ನಾನು ಕೈಮುಗಿಯುತ್ತೇನೆ.

ಮಳೆಹನಿ:
ಪ್ರಾಣಿಗಳ ಕೋಶಕ್ಕೆ ಭಿತ್ತಿ ಇಲ್ಲವಲ್ಲ. ಅದಕ್ಕೇ ಇರಬೇಕು, ರಕ್ತದ ಕೆಂಪು ಕಣವನ್ನು ಶುದ್ಧ ನೀರಿಗೆ ಹಾಕಿದರೆ ಉಬ್ಬಿ ಒಡೆದು ಹೋಗುತ್ತದೆ. ಸಸ್ಯಕೋಶ ಅದೇ ನೀರಿನಲ್ಲಿ ಗಟ್ಟಿಯಾಗುತ್ತದೆ.

ಒಂದು ಪ್ರಶ್ನೆ: ಟ್ಯೂಬಿಗೆ ಗಾಳಿ ಹೊಡೆಯುವುದಕ್ಕೆ ಪಂಪು ಬೇಕು. ಇಲ್ಲಿ ಪಂಪು ಯಾವುದು?

ಸಸ್ಯಪಾಠ:
ನೀರನ್ನೇ ತಳ್ಳುವ ಪಂಪು ಯಾವುದೂ ಇಲ್ಲ ಅನ್ನುವುದೇ ಇದರ ಸೊಗಸು. ಕೋಶ ಪಂಪು ಮಾಡುವುದು ಲವಣವನ್ನು. ಪೊರೆಯಲ್ಲಿರುವ ಪ್ರೋಟೀನುಗಳು ಶಕ್ತಿ ಖರ್ಚು ಮಾಡಿ ಪ್ರೋಟಾನುಗಳನ್ನು ಹೊರಕ್ಕೆ ದಬ್ಬುತ್ತವೆ. ಅದರಿಂದ ಉಂಟಾಗುವ ವಿದ್ಯುತ್ ಸೆಳೆತಕ್ಕೆ ಪೊಟ್ಯಾಸಿಯಂ ಒಳಬರುತ್ತದೆ. ಲವಣದ ಹಿಂದೆ ನೀರು ತಾನಾಗಿ ಬರುತ್ತದೆ. ನೀರು ದಾಟುವುದಕ್ಕೆಂದೇ ಪೊರೆಯಲ್ಲಿ ಅಕ್ವಾಪೋರಿನ್ ಅನ್ನುವ ಪ್ರೋಟೀನ್ ಕಿಂಡಿಗಳಿವೆ. ಇವನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಮೊದಲು ಗುರುತಿಸಿದ್ದು ಕೆಂಪು ರಕ್ತಕಣದಲ್ಲಿ, ಗಿಡಗಳಲ್ಲಿ ಇವು ಇನ್ನೂ ಬಗೆಬಗೆಯಾಗಿವೆ.

ಅಭಿಸರಣೆಯಿಂದ ಹುಟ್ಟುವ ಒತ್ತಡವನ್ನು ಮೊದಲು ಚೆನ್ನಾಗಿ ಅಳೆದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್, 1877ರಲ್ಲಿ. ಸಣ್ಣ ರಂಧ್ರಗಳ ಜೇಡಿಮಣ್ಣಿನ ಪಾತ್ರೆಯ ಗೋಡೆಯೊಳಗೆ ರಾಸಾಯನಿಕ ಪೊರೆ ಕೂರಿಸಿ, ಒಳಗೆ ಸಕ್ಕರೆ ನೀರು ತುಂಬಿ, ಪಾದರಸದ ಮಾಪಕ ಜೋಡಿಸಿದರು. 1% ಸಕ್ಕರೆ ನೀರು ಕೂಡ ಸುಮಾರು 0.7 ವಾಯುಭಾರದಷ್ಟು ಒತ್ತಡ ಕೊಟ್ಟಿತು. ಫೆಫರ್ ಅಳೆದ ಅಂಕಿಗಳನ್ನು ಇಟ್ಟುಕೊಂಡೇ ರಸಾಯನವಿಜ್ಞಾನಿ ವಾಂಟ್ ಹಾಫ್ ಆಮೇಲೆ, ಕರಗಿದ ಕಣಗಳ ಪ್ರಮಾಣದಿಂದ ಒತ್ತಡ ಲೆಕ್ಕ ಹಾಕುವ ಸೂತ್ರ ಕಟ್ಟಿದರು. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರಲ್ಲಿ, ಅವರಿಗೇ. ಅದರ ಬೇರು ಇರುವುದು ಗಿಡ ಯಾಕೆ ಬಿಗಿಯಾಗಿರುತ್ತದೆ ಅನ್ನುವ ಪ್ರಶ್ನೆಯಲ್ಲಿ. ಪಾಠ ಮಾಡುವಾಗ ಈ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ನಟ್ಟುಬೋಲ್ಟು:
ಸೂತ್ರ ಸಿಕ್ಕಿತು! ಲೀಟರಿಗೆ 0.3 ಮೋಲ್‌ನಷ್ಟು ಕಣ ಕರಗಿದ್ದರೆ 25 ಡಿಗ್ರಿಯಲ್ಲಿ ಹೆಚ್ಚುಕಮ್ಮಿ 0.74 ಮೆಗಾಪ್ಯಾಸ್ಕಲ್. ಸರ್ ಹೇಳಿದ ಅಂಕಿಗೆ ಸರಿಯಾಗಿ ಕೂರುತ್ತದೆ.

ಸಸ್ಯಪಾಠ:
ಅದೇ ಲೆಕ್ಕ ಮುಂದುವರಿಸಿ, ಮಧ್ಯಾಹ್ನ ಯಾಕೆ ಬಾಡುತ್ತದೆ ಅನ್ನುವುದೂ ತಿಳಿಯುತ್ತದೆ. ರಾತ್ರಿ ಎಲೆಯಿಂದ ನೀರು ಆರಿಹೋಗುವುದು ತೀರಾ ಕಮ್ಮಿ, ಬೇರು ಹೀರುತ್ತಲೇ ಇರುತ್ತದೆ. ಬೆಳಗಿನ ಜಾವಕ್ಕೆ ಕೋಶದ ಒತ್ತಡ ಪೂರ್ತಿ 0.74ರ ಹತ್ತಿರ ಬಂದಿರುತ್ತದೆ. ಬಿಸಿಲೇರಿದಾಗ ಎಲೆ ಕಳೆದುಕೊಳ್ಳುವಷ್ಟು ವೇಗದಲ್ಲಿ ಬೇರು ತಂದುಕೊಡಲಾರದು. ಎಲೆಯಲ್ಲಿ ನೀರನ್ನು ಕೋಶದಿಂದ ಹೊರಕ್ಕೆ ಎಳೆಯುವ ಸೆಳೆತ 0.5 ಮೆಗಾಪ್ಯಾಸ್ಕಲ್ ಆಯಿತು ಅನ್ನಿ, ಕೋಶದಲ್ಲಿ ಉಳಿಯುವುದು 0.24. ಸೆಳೆತ 0.74 ಮುಟ್ಟಿದರೆ ಒತ್ತಡ ಸೊನ್ನೆ, ಎಲೆ ಜೋತು ಬೀಳುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ, ಮಣ್ಣಿನಲ್ಲಿ ತೇವ ಇದ್ದರೆ, ನೀರು ಹಾಕದಿದ್ದರೂ ಏಳುತ್ತದೆ.

ಮಣ್ಣು ಒಣಗಿ, ಅದು ನೀರನ್ನು ಹಿಡಿದಿಡುವ ಸೆಳೆತ 1.5 ಮೆಗಾಪ್ಯಾಸ್ಕಲ್ ದಾಟಿದರೆ ಸಾಮಾನ್ಯ ಬೆಳೆಗಳು ರಾತ್ರಿಯೂ ಏಳುವುದಿಲ್ಲ. ಇದನ್ನು ಶಾಶ್ವತ ಬಾಡುವ ಮಟ್ಟ ಅನ್ನುತ್ತಾರೆ. ಇದನ್ನು ಪರೀಕ್ಷಿಸಲು ಬಳಸುತ್ತಿದ್ದ ಗಿಡವೂ ಸೂರ್ಯಕಾಂತಿಯೇ.

ಓದೋಹುಡುಗ:
ಸರ್, ಹಾಗಾದರೆ ಬಾಡಿದ ಎಲೆಯ ಕೋಶಗಳಲ್ಲಿ ಪ್ಲಾಸ್ಮೋಲಿಸಿಸ್ ಆಗಿರುತ್ತದೆ, ಅಂದ್ರೆ ಪೊರೆ ಭಿತ್ತಿಯಿಂದ ಬಿಟ್ಟು ಒಳಕ್ಕೆ ಮುದುಡಿಕೊಂಡಿರುತ್ತದೆ. ಸರಿ ತಾನೇ?

ಮೈಕ್ರೋಸ್ಕೋಪು:
ಇಲ್ಲ ತಮ್ಮಾ, ಇಲ್ಲಿ ಬಹಳ ಜನ ಎಡವುತ್ತಾರೆ. ಪ್ಲಾಸ್ಮೋಲಿಸಿಸ್ ಆಗುವುದು ಕೋಶವನ್ನು ಗಟ್ಟಿ ಉಪ್ಪುನೀರಿನಲ್ಲೋ ಸಕ್ಕರೆ ನೀರಿನಲ್ಲೋ ಮುಳುಗಿಸಿದಾಗ. ಆಗ ಪೊರೆ ಹಿಂದೆ ಸರಿದ ಜಾಗಕ್ಕೆ ಭಿತ್ತಿಯ ಮೂಲಕ ಹೊರಗಿನ ದ್ರಾವಣ ಬಂದು ತುಂಬಿಕೊಳ್ಳುತ್ತದೆ. ಬಿಸಿಲಿಗೆ ಬಾಡಿದ ಎಲೆಯಲ್ಲಿ ಕೋಶದ ಹೊರಗಿರುವುದು ಗಾಳಿ. ಒದ್ದೆಯಾದ ಭಿತ್ತಿಯ ಅತಿ ಸಣ್ಣ ರಂಧ್ರಗಳ ಮೂಲಕ ಗಾಳಿ ಒಳಗೆ ನುಗ್ಗಲಾರದು. ಹಾಗಾಗಿ ಪೊರೆ ಭಿತ್ತಿಯನ್ನು ಬಿಟ್ಟು ಬರುವುದಿಲ್ಲ, ಭಿತ್ತಿಯನ್ನೂ ಎಳೆದುಕೊಂಡೇ ಕುಗ್ಗುತ್ತದೆ. ಕೋಶಕ್ಕೆ ಕೋಶವೇ ಸುಕ್ಕಾಗುತ್ತದೆ. ಪರೀಕ್ಷೆಗೆ ಓದುವಾಗ ಇವೆರಡನ್ನು ಬೇರೆ ಬೇರೆ ಇಟ್ಟುಕೋ.

ಪ್ಲಾಸ್ಮೋಲಿಸಿಸ್ ನೋಡಬೇಕಿದ್ದರೆ ಅಲಂಕಾರಕ್ಕೆ ಬೆಳೆಸುವ ರಿಯೋ ಗಿಡದ ಎಲೆಯ ಕೆಳಮೈ ಸಿಪ್ಪೆ ಒಳ್ಳೆಯದು. ಅದರ ರಸವೇ ನೇರಳೆ ಬಣ್ಣ, ಬೇರೆ ಬಣ್ಣ ಹಾಕಬೇಕಿಲ್ಲ. ಮೊದಲು ಪ್ರತಿ ಕೋಶವೂ ಮೂಲೆ ಮೂಲೆವರೆಗೆ ನೇರಳೆ ತುಂಬಿಕೊಂಡು ಕಾಣುತ್ತದೆ. ಗಾಜಿನ ಒಂದು ಅಂಚಿನಲ್ಲಿ ಗಟ್ಟಿ ಉಪ್ಪುನೀರಿನ ಹನಿ ಬಿಟ್ಟು, ಇನ್ನೊಂದು ಅಂಚಿನಲ್ಲಿ ಸೋಸುಕಾಗದ ಹಿಡಿದರೆ ಉಪ್ಪುನೀರು ಒಳಗೆ ಎಳೆದುಕೊಳ್ಳುತ್ತದೆ. ಮೊದಲು ಮೂಲೆಗಳಲ್ಲಿ ಬಣ್ಣ ಬಿಟ್ಟುಹೋಗುತ್ತದೆ. ಆಮೇಲೆ ಬದಿಗಳು. ಕೊನೆಗೆ ಪ್ರತಿ ಚೌಕಟ್ಟಿನ ನಡುವೆ ಗಾಢ ನೇರಳೆಯ ಒಂದು ಉಂಡೆ ಮಾತ್ರ ಉಳಿಯುತ್ತದೆ. ಉಪ್ಪುನೀರು ತೆಗೆದು ಬರೀ ನೀರು ಬಿಟ್ಟರೆ ಉಂಡೆ ಹಿಗ್ಗಿ ಮತ್ತೆ ಭಿತ್ತಿಗೆ ತಾಗುತ್ತದೆ. ಕೋಶ ಇನ್ನೂ ಜೀವಂತ ಇದೆ ಅನ್ನುವುದಕ್ಕೆ ಅದೇ ಗುರುತು. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಓದೋಹುಡುಗ:
ಥ್ಯಾಂಕ್ಸ್ ಅಕ್ಕ. ಈ ವ್ಯತ್ಯಾಸ ಗೊತ್ತಿರಲಿಲ್ಲ, ಬರೆದಿಟ್ಟುಕೊಂಡೆ.

ಬೇರುಮಟ್ಟ:
ಎಲ್ಲ ಸರಿ. ಆದರೆ ನನ್ನ ನಾರಿನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಆಲದ ಮರ ನೀರಿನ ಒತ್ತಡದಿಂದ ನಿಂತಿದೆಯಾ? ಒಣಗಿ ಸತ್ತ ಮರವೂ ವರ್ಷಗಟ್ಟಲೆ ನಿಂತಿರುತ್ತದೆ.

ಸಸ್ಯಪಾಠ:
ಮರದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಕಟ್ಟಿಗೆಯ ಕೋಶಗಳು ಭಿತ್ತಿಯನ್ನು ದಪ್ಪ ಮಾಡಿಕೊಂಡು, ಲಿಗ್ನಿನ್ ಅನ್ನುವ ಗಟ್ಟಿ ವಸ್ತು ತುಂಬಿಸಿಕೊಂಡು, ಸತ್ತ ಮೇಲೂ ಭಾರ ಹೊರುತ್ತವೆ. ಕಟ್ಟಿಗೆಯ ತೂಕದಲ್ಲಿ ಸುಮಾರು 20ರಿಂದ 30% ಲಿಗ್ನಿನ್. ಆದರೆ ಅದೇ ಆಲದ ಮರದ ಚಿಗುರು, ಎಲೆ, ಬೇರಿನ ತುದಿ, ಇವೆಲ್ಲ ಟರ್ಗರ್ ಮೇಲೆಯೇ ನಿಂತಿವೆ. ಎಳೆ ಗಿಡದಲ್ಲೂ ನಾರಿಗೆ ಪಾತ್ರ ಇದೆ. ನಾರು ಎಳೆತ ತಡೆಯುತ್ತದೆ, ಅದುಮುವ ಭಾರಕ್ಕೆ ಬಾಗಿಬಿಡುತ್ತದೆ. ಅದುಮುವ ಭಾರ ಹೊರುವುದು ಉಬ್ಬಿದ ಮೆದು ಕೋಶಗಳು.

ಮಳೆಹನಿ:
ಬಾಳೆ ಯಾವ ಪಂಗಡ? ಅಷ್ಟು ಎತ್ತರ ಇದೆ, ಕಡಿದರೆ ಕಟ್ಟಿಗೆ ಇಲ್ಲ.

ಬೇರುಮಟ್ಟ:
ಅದು ಕಾಂಡವೇ ಅಲ್ಲ. ಎಲೆಗಳ ಬುಡದ ಹೊದಿಕೆಗಳು ಒಂದರೊಳಗೊಂದು ಬಿಗಿಯಾಗಿ ಸುತ್ತಿಕೊಂಡಿರುವುದು. ಅಡ್ಡ ಕೊಯ್ದರೆ ಉದ್ದಕ್ಕೂ ಗಾಳಿಗೂಡುಗಳು, ನಡುನಡುವೆ ನಾರು, ಉಳಿದದ್ದೆಲ್ಲ ನೀರು. ಬಿಸಿಲು ಜೋರಾದಾಗ ಎಲೆಯ ಎರಡು ಹಾಳೆಗಳು ನಡುದಿಂಡಿನ ಅಕ್ಕಪಕ್ಕ ಕೆಳಕ್ಕೆ ಮಡಚಿಕೊಳ್ಳುತ್ತವೆ. ಅದೂ ಈ ಒತ್ತಡದ ಆಟವೇ ಇರಬೇಕಲ್ಲ ಸರ್?

ಸಸ್ಯಪಾಠ:
ಹೌದು. ನಡುದಿಂಡಿನ ಎರಡೂ ಕಡೆ ಅದಕ್ಕೆಂದೇ ಒಂದು ಪಟ್ಟಿ ಕೋಶಗಳಿವೆ. ಜೋಳ, ಭತ್ತದ ಎಲೆ ಬರಗಾಲದಲ್ಲಿ ಸುರುಳಿಯಾಗುವುದೂ ಹೀಗೆಯೇ. ಎಲೆಯ ಮೇಲ್ಮೈಯಲ್ಲಿರುವ ದೊಡ್ಡ ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗುತ್ತವೆ, ಎಲೆ ಒಳಕ್ಕೆ ಸುತ್ತಿಕೊಳ್ಳುತ್ತದೆ. ಬಿಸಿಲಿಗೆ ಒಡ್ಡಿದ ಮೈ ಕಮ್ಮಿಯಾಗುತ್ತದೆ, ನೀರು ಉಳಿಯುತ್ತದೆ.

ಸುಮ್ನೆಕೇಳ್ದೆ:
ಬೇರಿನಿಂದ ತುದಿವರೆಗೆ ನೀರು ಏರುವುದೂ ಇದೇ ಒತ್ತಡದಿಂದಲಾ?

ನಟ್ಟುಬೋಲ್ಟು:
ಇರಬೇಕು. ಕೆಳಗಿನಿಂದ ಒತ್ತಿದರೆ ಮೇಲಕ್ಕೆ ಹೋಗುತ್ತದೆ.

ಮೈಕ್ರೋಸ್ಕೋಪು:
ಅಲ್ಲವೇ ಅಲ್ಲ! ದಯವಿಟ್ಟು ಇವೆರಡನ್ನು ಸೇರಿಸಬೇಡಿ. ಜೀವಂತ ಕೋಶದೊಳಗೆ ನೀರು ಒತ್ತಡದಲ್ಲಿದೆ, ಹೊರಕ್ಕೆ ತಳ್ಳುತ್ತಿದೆ. ಬೇರಿನಿಂದ ನೀರು ಮೇಲಕ್ಕೆ ಒಯ್ಯುವ ಕ್ಸೈಲಂ ಕೊಳವೆಗಳು ಸತ್ತ ಕೋಶಗಳು. ಹಗಲು ಹೊತ್ತು ಅವುಗಳೊಳಗಿನ ನೀರು ಎಳೆತದಲ್ಲಿರುತ್ತದೆ, ಅಂದ್ರೆ ಋಣ ಒತ್ತಡ. ಎಲೆಯಲ್ಲಿ ನೀರು ಆರಿದ ಹಾಗೆ ಮೇಲಿನಿಂದ ಎಳೆಯುತ್ತದೆ, ನೀರಿನ ಅಣುಗಳು ಒಂದಕ್ಕೊಂದು ಕಚ್ಚಿಕೊಂಡು ಕೆಳಗಿನವರೆಗೂ ಇಡೀ ಕಂಬವೇ ಬರುತ್ತದೆ. ಡಿಕ್ಸನ್ ಮತ್ತು ಜೋಲಿ 1894ರಲ್ಲೇ ಹೀಗೆ ವಿವರಿಸಿದರು. ಬೇರಿನಿಂದ ಮೇಲಕ್ಕೆ ಒತ್ತುವ ಒತ್ತಡವೂ ಒಂದಿದೆ, ಸ್ಟೀಫನ್ ಹೇಲ್ಸ್ 18ನೇ ಶತಮಾನದಲ್ಲೇ ಕತ್ತರಿಸಿದ ದ್ರಾಕ್ಷಿ ಬಳ್ಳಿಗೆ ಕೊಳವೆ ಜೋಡಿಸಿ ಅದನ್ನು ಅಳೆದಿದ್ದರು. ಆದರೆ ಎತ್ತರದ ಮರದ ತುದಿಗೆ ನೀರು ಮುಟ್ಟಿಸಲು ಅದು ಸಾಲದು.

ಒಂದೇ ಎಲೆಯಲ್ಲಿ, ಕೂದಲೆಳೆ ಅಂತರದಲ್ಲಿ, ಒಂದು ಕಡೆ ತಳ್ಳುವ ನೀರು, ಪಕ್ಕದಲ್ಲಿ ಎಳೆಯುವ ನೀರು. ಎಳೆತಕ್ಕೆ ಕೊಳವೆ ಒಳಕ್ಕೆ ಕುಸಿಯಬಾರದು ಅಂತಲೇ ಕ್ಸೈಲಂ ಭಿತ್ತಿಯ ಒಳಮೈಗೆ ಬಳೆ, ಸುರುಳಿ ಆಕಾರದ ದಪ್ಪ ಪಟ್ಟಿಗಳಿವೆ.

ಕುಂಡದಗೆಳತಿ:
ಹೂದಾನಿಗೆ ಇಡುವ ಹೂವಿನ ದಂಟನ್ನು ನೀರೊಳಗೇ ಕತ್ತರಿಸಿ ಅನ್ನುವುದು ಇದಕ್ಕೇನಾ?

ಮೈಕ್ರೋಸ್ಕೋಪು:
ಇದಕ್ಕೇ. ಗಾಳಿಯಲ್ಲಿ ಕತ್ತರಿಸಿದರೆ ಎಳೆತದಲ್ಲಿದ್ದ ನೀರು ಹಿಂದೆ ಸರಿದು ಕೊಳವೆಯೊಳಗೆ ಗಾಳಿ ಸೇರುತ್ತದೆ. ಆಮೇಲೆ ದಾನಿ ತುಂಬ ನೀರಿದ್ದರೂ ಹೂವಿಗೆ ತಲುಪುವುದಿಲ್ಲ.

ಬೇರುಮಟ್ಟ:
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ. ಗಿಡ ಬಾಡಿದರೆ ನೀರು ಹಾಕಿ, ಏಳುತ್ತದೆ.

ಕುಂಡದಗೆಳತಿ:
ಏಳುವುದಿಲ್ಲ ಅಣ್ಣ, ಅದೇ ಸಮಸ್ಯೆ. ನೀರು ನಿಂತ ಕುಂಡದ ಗಿಡವೂ ಬಾಡುವುದನ್ನು ನೋಡಿದ್ದೇನೆ. ಮಣ್ಣು ಕೆಸರಾಗಿರುತ್ತದೆ, ಎಲೆ ಜೋತು ಬಿದ್ದಿರುತ್ತದೆ.

ಸಸ್ಯಪಾಠ:
ಈ ಮಾತು ಎಲ್ಲರೂ ಓದಬೇಕು. ಬಾಡುವುದು ಅಂದ್ರೆ ಕೋಶದಲ್ಲಿ ಒತ್ತಡ ಇಲ್ಲ ಅಂತ. ಮಣ್ಣಿನಲ್ಲಿ ನೀರಿಲ್ಲ ಅಂತ ಅಲ್ಲ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಆಮ್ಲಜನಕ ಸಿಗದೆ ಬೇರಿನ ಕೋಶಗಳು ಉಸಿರಾಡಲಾರವು. ಕೋಶದೊಳಗೆ ಆಮ್ಲೀಯತೆ ಏರುತ್ತದೆ, ಅದರಿಂದ ಅಕ್ವಾಪೋರಿನ್ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಬೇರು ನೀರಿನಲ್ಲೇ ಮುಳುಗಿದ್ದರೂ ಒಳಕ್ಕೆ ತೆಗೆದುಕೊಳ್ಳಲಾರದು. ಇನ್ನೂ ನೀರು ಸುರಿದರೆ ಬೇರು ಕೊಳೆಯುತ್ತದೆ. ಬಾಡಿದ ಗಿಡ ಕಂಡ ತಕ್ಷಣ ನೀರಿನ ಚೊಂಬು ಎತ್ತಬೇಡಿ, ಮೊದಲು ಮಣ್ಣು ಮುಟ್ಟಿ ನೋಡಿ.

ಬೇರುಮಟ್ಟ:
ಮಣ್ಣು ಮುಟ್ಟದೆ ನೀರು ಹಾಕುವ ಅಭ್ಯಾಸ ನನಗೂ ಇಲ್ಲ ಸರ್. ಬೆರಳು ಒಂದು ಗೆಣ್ಣು ಒಳಗೆ ಹೋಗಿ ಒಣಗಿದ್ದರೆ ಮಾತ್ರ. ಗೊಬ್ಬರದ ವಿಷಯವನ್ನೂ ಸೇರಿಸಿ. ರಾಸಾಯನಿಕ ಗೊಬ್ಬರ ಜಾಸ್ತಿ ಬಿದ್ದರೆ ಎಲೆಯ ಅಂಚು ಸುಟ್ಟು ಗಿಡ ಜೋತು ಬೀಳುತ್ತದೆ.

ನಟ್ಟುಬೋಲ್ಟು:
ಅದು ನೇರ ಲೆಕ್ಕ. ಗೊಬ್ಬರ ಕರಗಿದರೆ ಅದೂ ಉಪ್ಪೇ. ಹೊರಗಿನ ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ನೀರು ಒಳಗೆ ಬರುವುದು ನಿಲ್ಲುತ್ತದೆ, ವಿಪರೀತವಾದರೆ ಬೇರಿನಿಂದಲೇ ಹೊರಕ್ಕೆ ಹೋಗುತ್ತದೆ. ಆಗ ನೀರು ಧಾರಾಳವಾಗಿ ಹಾಯಿಸಿ ಉಪ್ಪನ್ನು ಕೆಳಗೆ ತೊಳೆದುಬಿಡಬೇಕು. ಕುಂಡದ ತಳದ ತೂತು ಮುಚ್ಚಿರಬಾರದು.

ಮಳೆಹನಿ:
ಉಪ್ಪು ಮಣ್ಣಿನಲ್ಲೇ ಬೆಳೆಯುವ ಗಿಡಗಳು ಹೇಗೆ ಬದುಕುತ್ತವೆ?

ಸಸ್ಯಪಾಠ:
ಹೊರಗೆ ಉಪ್ಪಿದ್ದರೆ ಒಳಗೆ ಅದಕ್ಕಿಂತ ಜಾಸ್ತಿ ಕರಗಿಸಿಟ್ಟುಕೊಳ್ಳುತ್ತವೆ. ಕೆಲವು ಉಪ್ಪನ್ನೇ ರಸದಾನಿಯಲ್ಲಿ ಕೂಡಿಹಾಕುತ್ತವೆ, ರಸದಾನಿಯ ಹೊರಗಿನ ಜೀವದ್ರವದಲ್ಲಿ ಪ್ರೋಲಿನ್‌ನಂಥ ತೊಂದರೆ ಕೊಡದ ಕಣಗಳನ್ನು ಇಟ್ಟುಕೊಳ್ಳುತ್ತವೆ. ಬರ ಬಂದಾಗ ಮಾಮೂಲಿ ಬೆಳೆಗಳೂ ಒಂದು ಮಟ್ಟಿಗೆ ಹೀಗೆ ಮಾಡುತ್ತವೆ. ನಿಧಾನವಾಗಿ ಬರ ಕಂಡ ಗಿಡ ಸ್ವಲ್ಪ ತಾಳಿಕೊಳ್ಳುತ್ತದೆ, ಏಕಾಏಕಿ ಒಣಗಿಸಿದ ಗಿಡ ತಾಳುವುದಿಲ್ಲ.

ಸುಮ್ನೆಕೇಳ್ದೆ:
ಮುಟ್ಟಿದರೆ ಮುನಿ ಗಿಡ? ಅದು ನೀರು ಕಮ್ಮಿಯಾಗಿ ಬಾಡುವುದಲ್ಲ, ಮುಟ್ಟಿದ ತಕ್ಷಣ ಮಡಚಿಕೊಳ್ಳುತ್ತದೆ.

ಮೈಕ್ರೋಸ್ಕೋಪು:
ಅಲ್ಲೂ ಟರ್ಗರ್ ಆಟವೇ, ವೇಗ ಮಾತ್ರ ಬೇರೆ. ಎಲೆತೊಟ್ಟಿನ ಬುಡದಲ್ಲಿ ಸಣ್ಣಗೆ ಊದಿದ ಒಂದು ಗಂಟಿದೆ, ಕಣ್ಣಿಗೆ ಕಾಣುತ್ತದೆ. ಮುಟ್ಟಿದಾಗ ವಿದ್ಯುತ್ ಸಂಕೇತ ಅಲ್ಲಿಗೆ ಓಡುತ್ತದೆ. ಗಂಟಿನ ಕೆಳಭಾಗದ ಕೋಶಗಳು ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ಬಿಟ್ಟುಬಿಡುತ್ತವೆ, ಹಿಂದೆಯೇ ನೀರೂ ಹೊರಡುತ್ತದೆ. ಕೆಳಭಾಗ ಸೊರಗುತ್ತದೆ, ಮೇಲ್ಭಾಗ ಬಿಗಿಯಾಗೇ ಇರುತ್ತದೆ, ತೊಟ್ಟು ಕೆಳಕ್ಕೆ ಬೀಳುತ್ತದೆ. ಮತ್ತೆ ಲವಣ ತುಂಬಿಕೊಂಡು ಏಳುವುದಕ್ಕೆ ನಿಮಿಷಗಳೇ ಬೇಕು. ಈ ಗಿಡದ ವಿದ್ಯುತ್ ಸಂಕೇತಗಳನ್ನು ಜಗದೀಶಚಂದ್ರ ಬೋಸ್ 20ನೇ ಶತಮಾನದ ಮೊದಲ ದಶಕಗಳಲ್ಲಿ ತಮ್ಮದೇ ಉಪಕರಣ ಕಟ್ಟಿ ಅಳೆದರು. ಗಿಡದಲ್ಲೂ ಇಂಥ ಸಂಕೇತ ಇದೆ ಅನ್ನುವುದನ್ನು ಆಗ ಬಹಳ ಜನ ಒಪ್ಪಿರಲಿಲ್ಲ.

ಓದೋಹುಡುಗ:
ಎಲೆಯ ಮೈಮೇಲಿನ ಸಣ್ಣ ಕಿಂಡಿ, ಪತ್ರರಂಧ್ರ, ತೆರೆಯುವುದೂ ಹೀಗೇ ಅಲ್ವಾ ಅಕ್ಕ? ಬೆಳಕು ಬಿದ್ದಾಗ ಅದರ ಅಕ್ಕಪಕ್ಕದ ಕಾವಲು ಕೋಶಕ್ಕೆ ಪೊಟ್ಯಾಸಿಯಂ ಬಂದು, ನೀರು ಬಂದು, ಕೋಶ ಉಬ್ಬಿ ರಂಧ್ರ ತೆರೆಯುತ್ತದೆ.

ಮೈಕ್ರೋಸ್ಕೋಪು:
ಸರಿಯಾಗಿ ಹೇಳಿದೆ. ಇದನ್ನೂ ಸೇರಿಸಿಕೋ: ಕಾವಲು ಕೋಶದ ಒತ್ತಡ ಕೆಲವು ಗಿಡಗಳಲ್ಲಿ 4 ಮೆಗಾಪ್ಯಾಸ್ಕಲ್‌ವರೆಗೂ ಹೋಗುತ್ತದೆ. ಸೆಲ್ಯುಲೋಸ್ ಎಳೆಗಳು ಅದರ ಸುತ್ತ ಬಿಗಿದಿರುವುದರಿಂದ ಉಬ್ಬಿದಾಗ ದಪ್ಪವಾಗಲಾರದು, ಉದ್ದವಾಗಿ ಬಾಗುತ್ತದೆ. ನೀರಿನ ಕೊರತೆ ಬಂದರೆ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್ ಪೊಟ್ಯಾಸಿಯಂ ಹೊರಗೆ ಹೋಗುವಂತೆ ಮಾಡಿ ಬಾಗಿಲು ಮುಚ್ಚಿಸುತ್ತದೆ.

ನಟ್ಟುಬೋಲ್ಟು:
ನನ್ನ ಟೈರಿನ ಹೋಲಿಕೆ ಇಲ್ಲಿವರೆಗೂ ಚೆನ್ನಾಗಿ ಓಡಿದೆ.

ಸಸ್ಯಪಾಠ:
ಒಂದು ಕಡೆ ಅದು ನಿಲ್ಲುತ್ತದೆ. ಟೈರು ಬೆಳೆಯುವುದಿಲ್ಲ, ಕೋಶ ಬೆಳೆಯುತ್ತದೆ. ಬೆಳೆಯಬೇಕಾದ ಕೋಶ ಆಕ್ಸಿನ್ ಹಾರ್ಮೋನ್‌ನ ಸೂಚನೆಗೆ ತನ್ನ ಭಿತ್ತಿಯನ್ನು ಸ್ವಲ್ಪ ಆಮ್ಲೀಯ ಮಾಡುತ್ತದೆ. ಆಗ ಎಕ್ಸ್‌ಪಾನ್ಸಿನ್ ಪ್ರೋಟೀನುಗಳು ಸೆಲ್ಯುಲೋಸ್ ಎಳೆಗಳ ಹಿಡಿತ ಸಡಿಲಿಸುತ್ತವೆ. ಒಳಗಿನ ಒತ್ತಡ ಭಿತ್ತಿಯನ್ನು ಹಿಗ್ಗಿಸುತ್ತದೆ, ಹಿಗ್ಗಿದ ಜಾಗಕ್ಕೆ ನೀರು ಬರುತ್ತದೆ, ಹೊಸ ಭಿತ್ತಿ ಸೇರುತ್ತದೆ. ಗಿಡವನ್ನು ನಿಲ್ಲಿಸುವ ಒತ್ತಡವೇ ಗಿಡವನ್ನು ಬೆಳೆಸುತ್ತದೆ. ನೀರು ಕಮ್ಮಿಯಾದಾಗ ಗಿಡ ಬಾಡುವುದಕ್ಕೆ ಎಷ್ಟೋ ಮೊದಲೇ ಬೆಳವಣಿಗೆ ನಿಂತಿರುತ್ತದೆ. ಎಲೆ ಹಸಿರಾಗಿ ನಿಂತಿದೆ, ಆದರೆ ದೊಡ್ಡದಾಗುತ್ತಿಲ್ಲ ಅಂದ್ರೆ ಆ ಕಡೆಗೂ ಗಮನ ಕೊಡಿ.

ಕುಂಡದಗೆಳತಿ:
ಮನೆಯಲ್ಲೇ ಈ ಒತ್ತಡ ಕಣ್ಣಿಗೆ ಕಾಣುವ ಹಾಗೆ ಮಾಡಬಹುದಾದ ಪ್ರಯೋಗ ಇದ್ದರೆ ಹೇಳಿ. ಮಕ್ಕಳಿಗೆ ತೋರಿಸಬೇಕು.

ಮೈಕ್ರೋಸ್ಕೋಪು:
ನನಗೆ ಬಹಳ ಇಷ್ಟವಾದದ್ದು ಕಾಂಡ ಸೀಳುವ ಪ್ರಯೋಗ. ಎಳೆಯದಾದ, ಹಸಿರಾದ, ಮೆದು ಕಾಂಡ ತೆಗೆದುಕೊಳ್ಳಿ. ಹರಿತವಾದ ಬ್ಲೇಡಿನಿಂದ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಬುಡ ಮಾತ್ರ ಸೇರಿಕೊಂಡಿರಲಿ. ಬ್ಲೇಡು ದೊಡ್ಡವರ ಕೈಯಲ್ಲಿರಲಿ. ಸೀಳಿದ ತಕ್ಷಣ ನಾಲ್ಕೂ ಪಟ್ಟಿಗಳು ತಾವಾಗಿ ಹೊರಕ್ಕೆ ಬಾಗುತ್ತವೆ, ಸಿಪ್ಪೆಯ ಕಡೆಗೆ. ಯಾರೂ ಬಗ್ಗಿಸಿಲ್ಲ. ಒಳಗಿನ ತಿರುಳು ಇಷ್ಟು ಹೊತ್ತು ಉದ್ದವಾಗಲು ಹೆಣಗುತ್ತಿತ್ತು, ಹೊರಗಿನ ಸಿಪ್ಪೆ ಅದನ್ನು ಬಿಗಿದು ಹಿಡಿದಿತ್ತು. ಸೀಳಿದ ಮೇಲೆ ತಿರುಳು ಉದ್ದವಾಯಿತು, ಸಿಪ್ಪೆ ಗಿಡ್ಡವಾಯಿತು, ಪಟ್ಟಿ ಬಾಗಿತು.

ಈಗ ಒಂದು ಪಟ್ಟಿಯನ್ನು ಬರೀ ನೀರಿಗೆ ಹಾಕಿ. ತಿರುಳಿನ ಬದಿ ಇನ್ನಷ್ಟು ನೀರು ಕುಡಿದು ಪಟ್ಟಿ ಸುರುಳಿ ಸುತ್ತುತ್ತದೆ. ಸಿಪ್ಪೆಯ ಹೊರಮೈಗೆ ಮೇಣದ ಲೇಪ ಇರುವುದರಿಂದ ಆ ಕಡೆಯಿಂದ ನೀರು ಅಷ್ಟಾಗಿ ಹೋಗುವುದಿಲ್ಲ. ಇನ್ನೊಂದನ್ನು ಗಟ್ಟಿ ಉಪ್ಪುನೀರಿಗೆ ಹಾಕಿ, ಸುರುಳಿ ಬಿಚ್ಚಿಕೊಂಡು ಸೋತು ಮಲಗುತ್ತದೆ. ಒಂದೇ ಕಾಂಡದ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ, ಮಕ್ಕಳು ತಾವೇ ಕಾರಣ ಹುಡುಕುತ್ತಾರೆ.

ನಟ್ಟುಬೋಲ್ಟು:
ಇದು ಪಕ್ಕಾ ಎಂಜಿನಿಯರಿಂಗ್. ಒಳಗೆ ಅದುಮಿದ ತಿರುಳು, ಹೊರಗೆ ಎಳೆದು ಬಿಗಿದ ಸಿಪ್ಪೆ. ಅದಕ್ಕೇ ಗಾಳಿಗೆ ಬಾಗಿದರೂ ಕಾಂಡ ಮುರಿಯದೆ ವಾಪಸ್ ಬರುತ್ತದೆ.

ಓದೋಹುಡುಗ:
ಮೆತ್ತಗಾದ ಕ್ಯಾರೆಟ್ ತಣ್ಣೀರಲ್ಲಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಫ್ರೀಜರಲ್ಲಿಟ್ಟು ತೆಗೆದ ಕ್ಯಾರೆಟ್ ಯಾಕೆ ಆಗುವುದಿಲ್ಲ?

ಮೈಕ್ರೋಸ್ಕೋಪು:
ಮಂಜಿನ ಹರಳುಗಳು ಪೊರೆಯನ್ನು ಹರಿದಿರುತ್ತವೆ. ಪೊರೆ ಹರಿದ ಮೇಲೆ ಲವಣ ಒಳಗೆ ನಿಲ್ಲುವುದಿಲ್ಲ, ಒತ್ತಡ ಹುಟ್ಟುವುದಿಲ್ಲ. ಬೇಯಿಸಿದ ತರಕಾರಿ ಮೆತ್ತಗಾಗುವುದರಲ್ಲೂ ಮೊದಲ ಹಂತ ಇದೇ.

ಸುಮ್ನೆಕೇಳ್ದೆ:
ಕೊನೆಯ ಪ್ರಶ್ನೆ. ಈ ಒತ್ತಡದಲ್ಲಿ ದಾಖಲೆ ಯಾರದ್ದು?

ಸಸ್ಯಪಾಠ:
ಗಿಡದ್ದಲ್ಲ, ಗಿಡದ ಶತ್ರುವಿನದು. ಭತ್ತದ ಬೆಂಕಿ ರೋಗ ತರುವ ಶಿಲೀಂಧ್ರ ಎಲೆಯ ಮೇಲೆ ಕೂತು ಗುಮ್ಮಟದ ಆಕಾರದ ಒಂದು ಕೋಶ ಕಟ್ಟುತ್ತದೆ. ಅದರೊಳಗೆ ಗ್ಲಿಸರಾಲ್ ತುಂಬಿಸುತ್ತದೆ, ಅದು ಸೋರದ ಹಾಗೆ ಭಿತ್ತಿಗೆ ಮೆಲನಿನ್ ಪದರ ಬಳಿದುಕೊಳ್ಳುತ್ತದೆ. ಒತ್ತಡ 8 ಮೆಗಾಪ್ಯಾಸ್ಕಲ್‌ವರೆಗೆ ಏರುತ್ತದೆ, 80 ವಾಯುಭಾರದಷ್ಟು. ಆ ಬಲದಿಂದ ತಳದಲ್ಲಿ ಒಂದು ಸಣ್ಣ ಮೊಳೆ ಚುಚ್ಚಿ ಎಲೆಯ ಹೊರಪದರವನ್ನೇ ತೂತು ಮಾಡುತ್ತದೆ.

ಬೇರುಮಟ್ಟ:
ಮೆಲನಿನ್ ಆಗದ ಹಾಗೆ ತಡೆದರೆ?

ಸಸ್ಯಪಾಠ:
ಒತ್ತಡ ಏರುವುದಿಲ್ಲ, ತೂತು ಕೊರೆಯಲಾರದು. ಬೆಂಕಿ ರೋಗದ ಕೆಲವು ಔಷಧಿಗಳು ಕೆಲಸ ಮಾಡುವುದೇ ಹಾಗೆ. ಟ್ರೈಸೈಕ್ಲಾಜೋಲ್ ಅಂಥದ್ದು. ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಕ್ಕಿಂತ ಮೆಲನಿನ್ ಆಗುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಶಿಲೀಂಧ್ರ ಒಳಗೆ ಹೊಕ್ಕ ಮೇಲೆ ಹೊಡೆದರೆ ಹೆಚ್ಚು ಪ್ರಯೋಜನ ಇಲ್ಲ, ಮೊದಲೇ ಹೊಡೆದಿರಬೇಕು.

ಬೇರುಮಟ್ಟ:
ಇದು ನನಗೆ ಬೇಕಾದ ವಿಷಯ. ಬೆಂಕಿ ರೋಗಕ್ಕೇ ಬೇರೆ ಚರ್ಚೆ ತೆರೆಯುತ್ತೇನೆ, ಸರ್ ಅಲ್ಲಿಗೂ ಬನ್ನಿ.